ವೆಲೆನ್ಸಿಯಾ ಸಂತೆಯ ಎರಡು ಕಾಳು

ಮಂಡ್ಯದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು. ದೆವ್ವ, ಶಕುನ, ಕನಸಿನ ಸೂಚನೆ ಎಂದು ಯಾರಾದರೂ ಬಾಯಿ ತೆಗೆದರೆ 'ಸಾಕು ಸುಮ್ನಿರಿ' ಎಂದು ಗದರುವ ಪೈಕಿ. ಈಗ ನಾನೇ ಇಂಥದ್ದೊಂದನ್ನು ಬರೆಯಲು ಕೂತಿದ್ದೇನೆಂದು ತಿಳಿದರೆ ನನ್ನ ಹಳೆಯ ವಿದ್ಯಾರ್ಥಿಗಳು ಬಿದ್ದು ಬಿದ್ದು ನಗುತ್ತಾರೆ. ನಗಲಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಿವೃತ್ತಿಯಾದ ವರ್ಷ ಜೊತೆಯ ಟೀಚರುಗಳೊಂದಿಗೆ ಸ್ಪೇನ್ ಪ್ರವಾಸಕ್ಕೆ ಹೆಸರು ಕೊಟ್ಟಿದ್ದೆ. ಹೊರಡಲು ಮೂರು ತಿಂಗಳಿದ್ದಾಗ ಅವ್ವನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಪೂರಾ ನಿಂತಿತು. ಮದ್ದೂರಿನಲ್ಲಿ ತಂಗಿ ಜಯಳ ಮನೆಯಲ್ಲಿಟ್ಟುಕೊಂಡು ಇಬ್ಬರೂ ಸರದಿಯ ಮೇಲೆ ನೋಡಿಕೊಂಡೆವು. ಗಂಜಿ ಬಿಟ್ಟು ಅವಳು ಏನನ್ನೂ ಮುಟ್ಟುತ್ತಿರಲಿಲ್ಲ.

"ಅತ್ತು ದಿನ ತಾನೆ, ಓಗ್ಬಾರಕ್ಕ. ನಾನಿಲ್ವಾ?" ಎಂದು ಜಯಳೇ ನನ್ನನ್ನು ಹೊರಡಿಸಿದಳು. ಹೊರಡುವ ದಿನ ಅವ್ವನ ಕೈ ಹಿಡಿದು "ಓಗ್ಬತ್ತೀನಿ ಕಣವ್ವ" ಎಂದೆ. ಅವ್ವ ಗೋಡೆಯ ಕಡೆ ಮುಖ ತಿರುಗಿಸಿಬಿಟ್ಟಳು. ಮುನಿಸೋ, ಸಂಕಟವೋ, ಕೇಳಿದರೆ ಹೇಳಲು ಅವಳಿಗೆ ಮಾತಿಲ್ಲ. ಇವಳು ಇನ್ನೊಮ್ಮೆ ನನ್ನ ಹತ್ತಿರ ಮಾತಾಡುತ್ತಾಳಾ ಎಂಬ ಒಂದೇ ಯೋಚನೆಯಲ್ಲಿ ವಿಮಾನ ಹತ್ತಿದೆ.

ಮ್ಯಾಡ್ರಿಡ್‌ನಲ್ಲಿ ಬೆಳಗಿನ ತಿಂಡಿಗೆ ಚುರ್ರೋ ಎಂಬ ಉದ್ದನೆಯ ಕರಿದ ತಿನಿಸನ್ನು ಗಟ್ಟಿ ಚಾಕೊಲೇಟಿನಲ್ಲಿ ಅದ್ದಿಕೊಂಡು ತಿಂದೆವು. ಟೊಲೆಡೊದಲ್ಲಿ ಬಾದಾಮಿಯ ಸಿಹಿ ಸಿಕ್ಕಿತು. ನಮ್ಮ ಗುಂಪಿನವರು ಎಲ್ಲಿ ಕೂತರೂ ಚೀಲದಿಂದ ಚಟ್ನಿಪುಡಿ ತೆಗೆಯುವವರೇ! ಕೋಟೆ, ಚರ್ಚು ನೋಡಿ ನೋಡಿ ನನಗೆ ಸಾಕಾಗಿತ್ತು. ನನಗಿದ್ದದ್ದು ಸಂತೆಯ ಹುಚ್ಚು. ಅವ್ವ ಮಳವಳ್ಳಿ ಸಂತೆಯಲ್ಲಿ ಕಾಳು ಮಾರಿಯೇ ನಮ್ಮಿಬ್ಬರನ್ನೂ ಓದಿಸಿದ್ದು.

ವೆಲೆನ್ಸಿಯಾದಲ್ಲಿ ಒಂದು ಬೆಳಿಗ್ಗೆ ಉಳಿದವರೆಲ್ಲ ಚರ್ಚಿನ ಕಡೆ ಹೋದಾಗ ನಾನೊಬ್ಬಳೇ ಊರ ನಡುವಿನ ದೊಡ್ಡ ಮಾರುಕಟ್ಟೆಗೆ ನುಗ್ಗಿದೆ. ಗುಮ್ಮಟದ ಕೆಳಗೆ ಕಿತ್ತಳೆ, ಟೊಮೆಟೊ, ಉಪ್ಪುನೀರಿನಲ್ಲಿ ಹಾಕಿದ ಆಲಿವ್ ಕಾಯಿ, ಸಾಲಾಗಿ ನೇತುಹಾಕಿದ ಹಂದಿಯ ತೊಡೆಗಳು. ಮೂಲೆಯ ಒಂದು ಅಂಗಡಿಯಲ್ಲಿ ಬರೀ ಕಾಳಿನ ಮೂಟೆಗಳಿದ್ದವು. ಅವರೆಕಾಳಿಗಿಂತ ದೊಡ್ಡದಾದ, ಚಪ್ಪಟೆಯ ಬಿಳಿ ಕಾಳು ನೋಡಿ ಆಸೆಯಾಯಿತು. ಅಲ್ಲಿನವರು ಕೇಸರಿ ಹಾಕಿದ ತಮ್ಮ ಅನ್ನಕ್ಕೆ ಅದನ್ನು ಸೇರಿಸುತ್ತಾರೆ.

ಅಂಗಡಿಯ ಮುದುಕಿಗೆ ಕೈಸನ್ನೆಯಲ್ಲಿ ಅರ್ಧ ಕಿಲೋ ಎಂದೆ. ಆಕೆ ತೂಗಿದಳು, ಮೇಲೊಂದು ಹಿಡಿ ಹಾಕಿದಳು, ಕಾಗದದ ಚೀಲವನ್ನು ನನ್ನ ಮುಂದಿಟ್ಟಳು. ಆಮೇಲೆ ಅದರೊಳಗೆ ಬೆರಳು ಹಾಕಿ ಎರಡು ಕಾಳು ತೆಗೆದು ತನ್ನ ಮೂಟೆಗೆ ವಾಪಸ್ ಹಾಕಿಕೊಂಡಳು.

"ಏನಮ್ಮ, ಕೊಟ್ಟಿದ್ದನ್ನ ತಿರ್ಗಾ ತಗೋತೀಯಲ್ಲ!" ಎಂದು ಕನ್ನಡದಲ್ಲೇ ದಬಾಯಿಸಿದೆ. ಮಾತು ಬಾಯಿಂದ ಹೊರಬಿದ್ದ ಮೇಲೆ ಹೊಳೆಯಿತು. ಅದು ಅವ್ವನ ಪದ್ಧತಿ. ಸೇರು ಅಳೆದು, ಕೊಸರು ಹಾಕಿ, ಗಿರಾಕಿಯ ಚೀಲದಿಂದ ಎರಡೇ ಎರಡು ಕಾಳು ತೆಗೆದು ತನ್ನ ಕುಕ್ಕೆಗೆ ಹಾಕಿಕೊಳ್ಳುತ್ತಿದ್ದಳು. ಪೂರ್ತಿ ಕೊಟ್ಟು ಕಳಿಸಬಾರದು, ಸ್ವಲ್ಪವಾದರೂ ನಮ್ಮ ಹತ್ತಿರ ಉಳಿಯಬೇಕು ಎನ್ನುತ್ತಿದ್ದಳು.

ನಾನು ಅಲ್ಲೇ ನಿಂತು ಅತ್ತುಬಿಟ್ಟೆ. ಮುದುಕಿ ನನ್ನ ಮಣಿಕಟ್ಟು ಹಿಡಿದುಕೊಂಡು ಮೆಲ್ಲಗೆ ಎರಡು ಮಾತು ಹೇಳಿದಳು. ಅವಳ ಭಾಷೆ ನನಗೆ ಬಾರದು. ಕೈಗಡಿಯಾರ ಒಂದೂವರೆ ತೋರಿಸುತ್ತಿತ್ತು. ಅಲ್ಲಿ ಆಗ ಬೆಳಗಿನ ಹತ್ತು ಗಂಟೆ, ಆದರೆ ಅವ್ವನ ಗಂಜಿಯ ಹೊತ್ತು ತಿಳಿಯಲೆಂದು ನಾನು ಗಡಿಯಾರವನ್ನು ನಮ್ಮೂರಿನ ಸಮಯಕ್ಕೇ ಬಿಟ್ಟಿದ್ದೆ.

ಬಸ್ಸಿನ ಹತ್ತಿರ ಬರುವಷ್ಟರಲ್ಲಿ ಜಯಳ ಫೋನು ಬಂತು.

"ಅಕ್ಕಾ, ಅವ್ವ ಮಾತಾಡ್ತು ಕಣಕ್ಕ!"

"ಯಾವಾಗ್ಲೇ? ಏನಂತು?"

"ಈಗ, ಒಂದೂವರೆಗೆ. ಗಂಜಿ ಕುಡುಸ್ತಾ ಇದ್ದೆ. 'ನಿಮ್ಮಕ್ಕ ಸಂತೇಲಿ ಅಳ್ತಾ ನಿಂತವ್ಳೆ. ಕಾಳು ಕೊಟ್ಟು ಕಳಿಸ್ದೆ, ಬುಡು' ಅಂತು. ಲೋಟ ಕೆಳಕ್ಕೆ ಬುಟ್ಬುಟ್ಟೆ ಕಣಕ್ಕ. ನೀನು ಅಳ್ತಿದ್ಯಾ?"

ನಾನು ಅತ್ತದ್ದನ್ನು ನಮ್ಮವರು ಯಾರೂ ನೋಡಿರಲಿಲ್ಲ.

ಲಕ್ವದವರು ಒಮ್ಮೊಮ್ಮೆ ಹೀಗೆ ಇದ್ದಕ್ಕಿದ್ದಂತೆ ಮಾತಾಡುವುದುಂಟು ಎಂದು ಡಾಕ್ಟರು ಹೇಳಿದರು. ಸರಿ. ಎರಡು ಕಾಳು ವಾಪಸ್ ತೆಗೆಯುವ ಹೆಂಗಸರು ಎಲ್ಲ ದೇಶದಲ್ಲೂ ಇರಬಹುದು, ಅದೂ ಸರಿ. ಮಗಳು ಎಲ್ಲಿಗೆ ಹೋದರೂ ಸಂತೆ ಹುಡುಕುತ್ತಾಳೆಂದು ಅವ್ವನಿಗೆ ಗೊತ್ತಿತ್ತು. ಆದರೆ ಅಳು? ಕಾಳು? ಆ ಹೊತ್ತು? ಎಷ್ಟು ತಲೆ ಕೆರೆದುಕೊಂಡರೂ ಲೆಕ್ಕ ಕೂಡುವುದಿಲ್ಲ.

ನಾನು ಮದ್ದೂರಿಗೆ ಬರುವ ಹೊತ್ತಿಗೆ ಅವ್ವನ ಮಾತು ಮತ್ತೆ ನಿಂತಿತ್ತು. ಆದರೆ ಮುಖ ತಿರುಗಿಸಲಿಲ್ಲ. ಆ ಕಾಳಿನ ಸಾರು ಮಾಡಿ, ಮುದ್ದೆಯ ಚೂರು ಅದ್ದಿ ಬಾಯಿಗಿಟ್ಟೆ, ನನ್ನನ್ನೇ ನೋಡುತ್ತ ನುಂಗಿದಳು. ಎರಡು ತಿಂಗಳಿಗೆ ತೀರಿಕೊಂಡಳು.

ಅವ್ವನ ಕಡೇ ಮಾತು ಕೇಳುವ ಪುಣ್ಯ ನಿನಗಿಲ್ಲದೆ ಹೋಯಿತಲ್ಲ ಎಂದು ನೆಂಟರು ಮರುಗುತ್ತಾರೆ. ನಾನು ಕೇಳಿದ್ದೇನೆಂದೇ ನನಗನ್ನಿಸುತ್ತದೆ. ಆ ಮುದುಕಿ ನನ್ನ ಕೈ ಹಿಡಿದು ಏನೋ ಹೇಳಿದಳಲ್ಲ, ಅದರ ಅರ್ಥವನ್ನು ಬಲ್ಲವರ ಹತ್ತಿರ ಕೇಳೋಣವೆಂದರೆ ಒಂದು ಶಬ್ದವೂ ನೆನಪಿಲ್ಲ. ದನಿ ಮಾತ್ರ ನೆನಪಿದೆ.