ಮಾವನವರು ಅಳದ ಏಳು ವರ್ಷ

ಚಿತ್ರರಂಗದ ಹಾಗೂ ಕಿರುತೆರೆಯ ಚರಿತ್ರೆ ಬರೆಯುವವರು ನಾಯಕ ನಾಯಕಿಯರಿಗೆ ಪುಟಗಟ್ಟಲೆ ಜಾಗ ಕೊಟ್ಟು, ಕಥೆಯ ಭಾರ ಹೊತ್ತ ಪೋಷಕ ನಟರನ್ನು 'ಮುಂತಾದವರು' ಎಂಬ ಒಂದೇ ಪದದಲ್ಲಿ ಮುಗಿಸಿಬಿಡುವುದು ವಾಡಿಕೆ. ಆ ಮುಂತಾದವರ ಸಾಲಿನಲ್ಲಿ ನಲವತ್ತೊಂದು ವರ್ಷ ನಿಂತು, ನ್ಯಾಯಾಧೀಶರಾಗಿ, ಹೆಡ್‌ಮಾಸ್ಟರರಾಗಿ, ವೈದ್ಯರಾಗಿ, ಎಲ್ಲಕ್ಕಿಂತ ಹೆಚ್ಚಾಗಿ ನೊಂದ ತಂದೆಯಾಗಿ ಮನೆಮನೆಯ ಪರದೆಯ ಮೇಲೆ ಬಾಳಿದ ಹಿರಿಯರಿಗೆ ಈ ಗ್ರಂಥ ಅರ್ಪಿತವಾಗುತ್ತಿದೆ. ಸೆಟ್ಟಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರಿಲ್ಲ. ಮೊದಲ ಚಿತ್ರದಲ್ಲಿ ನಾಯಕಿಯ ಸೋದರಮಾವನ ಪಾತ್ರ ಮಾಡಿದ್ದೇ ನೆಪವಾಗಿ, ಅವರಿಗಿಂತ ಹತ್ತು ವರ್ಷ ದೊಡ್ಡವರಾದ ಮೇಕಪ್‌ನವರಿಗೂ ಅವರು ಮಾವನವರೇ ಆದರು.

ಅದಕ್ಕೂ ಮುನ್ನ ಅವರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತಿದ್ದವರು. ರಜೆಯ ದಿನ ಗೆಳೆಯನೊಡನೆ ಚಿತ್ರೀಕರಣ ನೋಡಲು ಹೋದಾಗ ಸೋದರಮಾವನ ಪಾತ್ರಧಾರಿ ಕೈಕೊಟ್ಟಿದ್ದರು. ಅವರಿಗೆಂದು ಹೊಲಿಸಿದ್ದ ಕೋಟು ಈ ಗುಮಾಸ್ತರ ಮೈಗೆ ಸರಿಯಾಗಿ ಕೂತಿತು. "ನನ್ನ ಪ್ರತಿಭೆ ಗುರುತಿಸಿದ್ದು ದರ್ಜಿ" ಎಂದು ಈಗಲೂ ನಗುತ್ತಾರೆ.

ಅವರ ಉಪಕಾರ ಉಂಡವರಿಗೆ ನಮ್ಮಲ್ಲಿ ಲೆಕ್ಕವಿಲ್ಲ. ಇಬ್ಬರು ಮಾತಾಡುವ ದೃಶ್ಯದಲ್ಲಿ ಒಬ್ಬರ ಮುಖ ಸೆರೆಹಿಡಿದ ಮೇಲೆ ಕ್ಯಾಮೆರಾ ಇನ್ನೊಬ್ಬರ ಕಡೆ ತಿರುಗುತ್ತದೆ. ಆಗ ಮೊದಲಿನವರು ಎದ್ದು ಹೋಗುತ್ತಾರೆ, ಸಹಾಯಕನೊಬ್ಬ ಅವರ ಮಾತುಗಳನ್ನು ಪಾಠ ಒಪ್ಪಿಸಿದಂತೆ ಓದುತ್ತಾನೆ. ಮಾವನವರು ಮಾತ್ರ ಎದ್ದು ಹೋದವರಲ್ಲ. ತಮ್ಮ ಮುಖ ಯಾರಿಗೂ ಕಾಣದ ಜಾಗದಲ್ಲಿ ನಿಂತು ಎದುರಿನವರಿಗಾಗಿ ಪೂರ್ತಿ ಜೀವ ತುಂಬಿ ತಮ್ಮ ಮಾತು ಹೇಳುತ್ತಿದ್ದರು. ಹೊಸಬರು ತಡವರಿಸಿದರೆ ಮರುಕ್ಷಣವೇ ತಾವೂ ಬೇಕೆಂದೇ ತಪ್ಪುತ್ತಿದ್ದರು. ನಿರ್ದೇಶಕರ ಬೈಗುಳ ಹಿರಿಯರ ಕಡೆ ತಿರುಗುತ್ತಿತ್ತು, ಹೊಸಬರಿಗೆ ಉಸಿರು ಬರುತ್ತಿತ್ತು.

ಆದರೆ ಜನ ಅವರನ್ನು ಗುರುತಿಸಿದ್ದು ಅಳುವಿನಿಂದ. ಬಲಗೈಯ ಮೂರು ಬೆರಳು ತುಟಿಗೊತ್ತಿ, ಮುಖ ಹೊರಳಿಸಿ ಅವರು ಬಿಕ್ಕಿದರೆ ಲೈಟು ಹಿಡಿದವರ ಕಣ್ಣೂ ಒದ್ದೆಯಾಗುತ್ತಿತ್ತು. ಈ ಸಾಲುಗಳನ್ನು ಬರೆಯುತ್ತಿರುವ ಸಂಭಾಷಣೆಕಾರ ಅದನ್ನು ಚೆನ್ನಾಗಿ ದುಡಿಸಿಕೊಂಡ. ಮಾತು ಹೊಳೆಯದ ಕಡೆಯಲ್ಲೆಲ್ಲ 'ಮಾವ ಅಳುತ್ತಾರೆ' ಎಂದು ಗೀಚಿ ಕೈತೊಳೆದುಕೊಂಡ. ಆರುನೂರು ಕಂತುಗಳ ಧಾರಾವಾಹಿಯಲ್ಲಿ ಅವರು ಅಳದ ವಾರವಿರಲಿಲ್ಲ. "ಈ ವಾರ ಎಷ್ಟು ಸಲ ಅತ್ರಿ?" ಎಂದು ಮನೆಯಲ್ಲಿ ಹೆಂಡತಿ ತಮಾಷೆ ಮಾಡುತ್ತಿದ್ದರಂತೆ.

ಆ ಹೆಂಡತಿ ಎರಡು ವಾರ ಆಸ್ಪತ್ರೆಯಲ್ಲಿದ್ದು ಒಂದು ಮಧ್ಯಾಹ್ನ ತೀರಿಕೊಂಡರು. ಹಾಸಿಗೆಯ ಪಕ್ಕದಲ್ಲೇ ಇದ್ದ ಮಾವನವರು ಹೊರಗೆ ಬಂದರು. ಓಣಿಯಂಥ ಆ ಮೊಗಸಾಲೆಯಲ್ಲಿ ಒಂದೇ ಕಿಟಕಿ. ಅವರು ಗೋಡೆ ಬಿಟ್ಟು ಎರಡು ಹೆಜ್ಜೆ ಆ ಕಡೆ ಸರಿದರು, ಬಿಸಿಲು ಅರ್ಧ ಮುಖಕ್ಕೆ ಬೀಳುವಲ್ಲಿ ನಿಂತರು, ಮೂರು ಬೆರಳು ತುಟಿಗೇರಿತು. ಶಾಲೆಯಲ್ಲಿ ಗಣಿತ ಕಲಿಸುವ ಒಬ್ಬಳೇ ಮಗಳು ಎದುರಿಗೇ ಇದ್ದರು. ಚಿಕ್ಕಂದಿನಿಂದ ಸೆಟ್ಟು ಕಂಡವರು.

"ಲೈಟಿಗೆ ಬಂದು ನಿಂತ್ಕೊಂಡು ಅಳ್ತಿದ್ದೀಯಲ್ಲಪ್ಪಾ" ಎಂದರು.

ಮಗಳು ಕೂಗಲಿಲ್ಲ. ಕೂಗಿದ್ದರೆ ಮಾವನವರಿಗೆ ತಡೆದುಕೊಳ್ಳಲು ಆಗುತ್ತಿತ್ತೇನೋ. "ಅವಳು ಹೇಳಿದ್ದು ಸುಳ್ಳಲ್ಲ ಕಣಯ್ಯ" ಎಂದು ತಿಂಗಳಾದ ಮೇಲೆ ಅವರು ಈ ಸಂಭಾಷಣೆಕಾರನಿಗೆ ಹೇಳಿದರು. "ಕಾಲು ತಾನಾಗೇ ಹೋಯ್ತು. ಹೆಂಡ್ತಿ ಸತ್ತಿದಾಳೆ, ನನ್ನ ಕಾಲು ಬೆಳಕು ಹುಡುಕ್ತಿದೆ. ಎಂಥ ಮನುಷ್ಯ ನಾನು?"

ಅಂದಿನಿಂದ ಏಳು ವರ್ಷ ಅವರು ಕ್ಯಾಮೆರಾ ಮುಂದೆ ಅಳಲಿಲ್ಲ. ಅಳುವ ದೃಶ್ಯ ಬಂದರೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ನಿರ್ಮಾಪಕರು ಬೇಡಿದರು, ಬೇಸತ್ತರು, ಕರೆಯುವುದನ್ನೇ ಕಡಿಮೆ ಮಾಡಿದರು. 'ಕಲ್ಲುಮಾವ' ಎಂದು ಹಿಂದಿನಿಂದ ಆಡಿಕೊಂಡವರು ನಮ್ಮವರೇ. ಮಗಳು ಮದುವೆಯಾಗದೆ ತಂದೆಯ ಜೊತೆಗೇ ಇದ್ದರು, ಊಟ, ಮಾತ್ರೆಗಳಲ್ಲಿ ಒಂದು ದಿನವೂ ಹೆಚ್ಚುಕಮ್ಮಿಯಾಗಲಿಲ್ಲ. ಮಾತು ಮಾತ್ರ ಅಷ್ಟಕ್ಕೇ ನಿಲ್ಲುತ್ತಿತ್ತು. ಊರೆಲ್ಲ ನಂಬಿದ ಅಳುವನ್ನು ನಂಬದ ಒಂದೇ ಜೀವ ಅವರ ಮನೆಯಲ್ಲಿತ್ತು, ಅವರಿಗೆ ಬೇಕಾಗಿದ್ದೂ ಆ ಒಂದೇ ಜೀವದ ನಂಬಿಕೆ.

ಕಳೆದ ತಿಂಗಳು ಅವರ ಕೊನೆಯ ಚಿತ್ರೀಕರಣ. ಜಗಳವಾಡಿ ಮನೆ ಬಿಡುವ ಮಗಳನ್ನು ತಂದೆ ಬೀಳ್ಕೊಡುವ ದೃಶ್ಯ. ತಮ್ಮ ಭಾಗವನ್ನು ಎಂದಿನಂತೆ ಬೆನ್ನು ತೋರಿಸಿಯೇ ಮುಗಿಸಿದರು. ಕ್ಯಾಮೆರಾ ಹೊಸ ನಟಿಯ ಕಡೆ ತಿರುಗಿತು. "ಮಂಡಿ ನೋವಿದೆ ನಿಮ್ಗೆ, ಹೋಗಿ ಕೂತ್ಕೊಳ್ಳಿ ಮಾವ, ನಮ್ಮ ಅಸಿಸ್ಟೆಂಟ್ ಹೇಳ್ತಾನೆ" ಎಂದರು ನಿರ್ದೇಶಕರು. "ಪಾಪ, ಆ ಹುಡುಗಿ ಗೋಡೆ ಜೊತೆ ಮಾತಾಡ್ಬೇಕಾ?" ಎಂದು ಮಾವನವರು ಅಲ್ಲೇ ನಿಂತರು. ಕರೆದೊಯ್ಯಲು ಬಂದಿದ್ದ ಮಗಳು ವೈರು ಸುತ್ತಿಟ್ಟ ಪೆಟ್ಟಿಗೆಗಳ ಹಿಂದೆ ಕಾಯುತ್ತಿದ್ದರು. ಅದು ಮಾವನವರಿಗೆ ತಿಳಿದಿರಲಿಲ್ಲ.

"ಹೋಗೋದಿದ್ರೆ ಹೋಗಮ್ಮ. ನಾನು ತಡೆಯಲ್ಲ" ಎಂಬಲ್ಲಿಗೆ ಅವರ ದನಿ ಒಡೆಯಿತು. ಮೂರು ಬೆರಳು ತುಟಿಗೆ ಹೋಯಿತು, ಭುಜ ಕುಲುಕಿತು. ಸೆಟ್ಟಿನಲ್ಲಿದ್ದ ನಲವತ್ತು ಜನರೂ ನಟಿಯ ಮುಖವನ್ನೇ ನೋಡುತ್ತಿದ್ದರು. ಕತ್ತಲಲ್ಲಿ ನಿಂತ ಮುದುಕರನ್ನು ನೋಡಿದ್ದು ಅವರ ಮಗಳೊಬ್ಬರೇ.

ಮೇಕಪ್ ಕೋಣೆಯಲ್ಲಿ ಅವರು ಬಣ್ಣ ಒರೆಸಿಕೊಳ್ಳುತ್ತಿದ್ದಾಗ ಮಗಳು ಒಳಗೆ ಬಂದರು. ಬಾಗಿಲ ಬಳಿಯಿದ್ದ ಈ ಸಂಭಾಷಣೆಕಾರನನ್ನು ಲೆಕ್ಕಿಸದೆ ನೇರವಾಗಿ ಕೇಳಿದರು: "ಅಮ್ಮ ಹೋದ ದಿನ ನೀನು ಅತ್ತಿದ್ದು ನಿಜಾನೇನಪ್ಪಾ?"

'ಹೌದು' ಎಂದರೆ ಸಾಕಿತ್ತು. ಆ ಒಂದು ಪದವನ್ನು ಅವರಷ್ಟು ಚೆನ್ನಾಗಿ ಹೇಳಬಲ್ಲವರು ನಮ್ಮಲ್ಲಿಲ್ಲ. ಏಳು ವರ್ಷ ಅವರು ಕಾದಿದ್ದೂ ಈ ಪ್ರಶ್ನೆಗೇ. ಒರೆಸುತ್ತಿದ್ದ ಹತ್ತಿಯನ್ನು ಕೈಯಲ್ಲೇ ಹಿಡಿದು ಮಗಳ ಕಡೆ ತಿರುಗಿದರು.

"ಗೊತ್ತಿಲ್ಲಮ್ಮ" ಎಂದರು. "ನಂಗೇ ಗೊತ್ತಾಗ್ತಿಲ್ಲ. ಅಷ್ಟು ವರ್ಷ ಅತ್ತೂ ಅತ್ತೂ ಯಾವ್ದು ನಂದು, ಯಾವ್ದು ಪಾತ್ರದ್ದು ಅಂತ ತಿಳೀತಿಲ್ಲ. ಅವಳಿಲ್ಲ ಅನ್ನೋದೊಂದು ಗೊತ್ತು."

ಯಾವ ಸಂಭಾಷಣೆಕಾರನೂ ಒಬ್ಬ ತಂದೆಯ ಬಾಯಿಗೆ ಆ ಮಾತು ಬರೆದುಕೊಡುತ್ತಿರಲಿಲ್ಲ. ಮಗಳು ಅದನ್ನು ನಂಬಿದರು. ಹತ್ತಿಯನ್ನು ಅವರ ಕೈಯಿಂದ ತೆಗೆದುಕೊಂಡು, ಕಿವಿಯ ಹಿಂದೆ ಉಳಿದಿದ್ದ ಬಣ್ಣವನ್ನು ತಾವೇ ಒರೆಸಿದರು.

ಕತ್ತಲಲ್ಲಿ ಕಂಡದ್ದನ್ನು ಆಮೇಲೆ ಹೇಳಿದವರು ಮಗಳೇ. ಇದನ್ನು ತಂದೆ ಮಗಳಿಬ್ಬರೂ ಓದಿ ಒಪ್ಪಿದ ಮೇಲೆಯೇ ಅಚ್ಚಿಗೆ ಕೊಡಲಾಗಿದೆ. ಮಾವನವರಿಗೆ ಆಯುರಾರೋಗ್ಯ ಕೋರುವಾಗ ಈ ಸಂಭಾಷಣೆಕಾರನ ಕೈ ಅಳುಕುತ್ತದೆ. ಒಬ್ಬ ಮನುಷ್ಯನ ದುಃಖವನ್ನು ವಾರವಾರವೂ ಗೀಚಿ ಸವೆಸಿದ ಕೈ ಇದೇ. ಅವರು ಬಹುಕಾಲ ಬಾಳಲಿ, ಮನಸ್ಸಾದರೆ ಮತ್ತೆ ಬಣ್ಣ ಹಚ್ಚಲಿ, ಹೊಸಬರೆದುರು ನಿಂತು ಮಾತು ಹೇಳಲಿ. ಅವರಿಗೆ ಅಳು ಬಂದಾಗ ಮಾತ್ರ ನಾವ್ಯಾರೂ ಹತ್ತಿರದಲ್ಲಿರುವುದು ಬೇಡ, ಮಗಳೊಬ್ಬರಿದ್ದರೆ ಸಾಕು.