ಮೊದಲೇ ಹೇಳಿದ ಸಾಕ್ಷಿ

ಕಾದ ಕೊಬ್ಬರಿ ಎಣ್ಣೆಯ ವಾಸನೆ ಬಹಳ ಜನರಿಗೆ ಹೆರಳು ಹಾಕುತ್ತಿದ್ದ ಅಜ್ಜಿಯ ಬೆರಳುಗಳನ್ನು ನೆನಪಿಸುತ್ತದೆ. ನನಗೆ ಮೊದಲು ಬರುವುದು ಸಿಟ್ಟು. ಅವ್ವ ಬರುವುದು ಅದರ ಹಿಂದೆ. ಮೊನ್ನೆ ಗಂಗಾವತಿಯ ಪೇಟೆಯಲ್ಲಿ ಗಾಣದ ಅಂಗಡಿಯೊಂದರ ಮುಂದೆ ಹಾಯುವಾಗಲೂ ಹಾಗೆಯೇ ಆಯಿತು. ಇಪ್ಪತ್ತೈದು ವರ್ಷ ಮಕ್ಕಳಿಗೆ ಸಮಾಧಾನದ ಪಾಠ ಹೇಳಿದ ನಾನು, ಕೈಚೀಲವನ್ನು ನೆಲಕ್ಕಿಟ್ಟು ನಡುಬೀದಿಯಲ್ಲಿ ಹಲ್ಲು ಕಚ್ಚಿ ನಿಂತೆ.

ಮುನಿರಾಬಾದಿನ ನೀರಾವರಿ ಕಾಲೊನಿಯಲ್ಲಿ ನಮ್ಮದು ಎರಡು ಕೋಣೆಗಳ ಮನೆ. ಅಪ್ಪ ಕಾಲುವೆಯ ನೀರಿನ ಮಟ್ಟವನ್ನು ನೋಡಿ ಬರೆದಿಡುವ ನೌಕರ. ಮಾತು ಬಹಳ ಕಡಿಮೆ. ಅವ್ವ ಮಾರ್ಥಮ್ಮ ಮಾತ್ರ ಬೆಳಗಾದರೆ ರೊಟ್ಟಿ ಬಡಿಯುವ ಸದ್ದನ್ನೇ ತಾಳವಾಗಿಸಿಕೊಂಡು ಕ್ರೈಸ್ತ ಕೀರ್ತನೆ ಹಾಡುತ್ತಿದ್ದಳು. ಶುಕ್ರವಾರ ನಮ್ಮ ಮನೆಯಲ್ಲಿ ಉಪವಾಸ ಪ್ರಾರ್ಥನೆ. ಮಂಚವನ್ನು ಅಂಗಳಕ್ಕೆ ಸಾಗಿಸಿ, ಚಾಪೆ ಹಾಸಿ, ಪ್ರಾರ್ಥಿಸಿದ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಇಡುವುದು ನನ್ನ ಕೆಲಸ. ಅವ್ವನಿಗೆ ಓದು ಬಾರದು, ಆದರೆ ಆಡಿದ ಮಾತನ್ನು ಆಕೆ ಒಡವೆಯಂತೆ ಕಾಯುತ್ತಿದ್ದಳು. ನೆರೆಮನೆಯವರಿಗೆ ಸಂಜೆ ಮಜ್ಜಿಗೆ ಕೊಡುವೆನೆಂದ ದಿನ ಬೆಕ್ಕು ಗಡಿಗೆ ಉರುಳಿಸಿದರೆ, ಬಿಸಿಲಲ್ಲಿ ನಡೆದು ಹೋಗಿ ಬೇರೆಡೆಯಿಂದ ಮೊಸರು ತಂದು ಕಡೆದು ಕಳಿಸಿದವಳು. "ಬಾಯಿಂದ ಬಂದ ಮಾತು ನೆಲಕ್ಕ ಬೀಳಬಾರ್ದು, ಮಗಳ," ಎನ್ನುತ್ತಿದ್ದಳು.

ಅವಳನ್ನು ಕೊಂದದ್ದು ರೋಗವೊಂದೇ ಅಲ್ಲ, ಆ ಸತ್ಯಸಂಧತೆಯನ್ನೇ ಹಗ್ಗವಾಗಿಸಿ ಅವಳನ್ನು ಕಟ್ಟಿಹಾಕಿದ್ದೂ ಹೌದು. ನನಗೆ ಹತ್ತು ವರ್ಷವಾಗಿದ್ದಾಗ ಅವಳ ಎಡ ಎದೆಯಲ್ಲಿ ಒಂದು ಗಂಟು ಕಾಣಿಸಿತು. ಶುಕ್ರವಾರದ ಪ್ರಾರ್ಥನಾ ಕೂಟದ ಹಿರಿಯರೊಬ್ಬರು ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಪ್ರಾರ್ಥನೆಯ ಬಗ್ಗೆ ನನಗೆ ಅಂದೂ ತಕರಾರಿರಲಿಲ್ಲ, ಇಂದೂ ಇಲ್ಲ. ಆದರೆ ಆ ಕೂಟದಲ್ಲಿ ಒಂದು ಪದ್ಧತಿಯಿತ್ತು: ಗುಣವಾಗುವ ಮೊದಲೇ ಎಲ್ಲರೆದುರು ಎದ್ದು ನಿಂತು, ಗುಣವಾಯಿತೆಂದು ಸಾಕ್ಷಿ ಹೇಳಬೇಕು. "ಕಂಡ ಮ್ಯಾಲೆ ಯಾರರ ಹೇಳ್ತಾರವ್ವ. ಕಾಣೂಕಿಂತ ಮೊದ್ಲ ಹೇಳೂದು ನಂಬಿಕಿ. ಏಳು, ಹೇಳು," ಎಂದರು ಹಿರಿಯರು. ಅವ್ವ ಸೆರಗು ಹೊದ್ದು ಎದ್ದಳು. ಒಂದು ಗಳಿಗೆ ನೆಲ ನೋಡಿದಳು. "ದೇವರು ನನ್ನ ಗಂಟು ಕರಗಿಸ್ಯಾನ," ಎಂದಳು. ಮನೆ ತುಂಬ ಸ್ತೋತ್ರ, ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನು.

ಗಂಟು ಕರಗಲಿಲ್ಲ. ಅವ್ವ ರೊಟ್ಟಿ ಬಡಿಯುವುದನ್ನು ಬಲಗೈಯೊಂದಕ್ಕೇ ಒಪ್ಪಿಸಿದಳು, ಹಾಡು ನಿಂತಿತು. ಅದನ್ನು ಮೊದಲು ಕಂಡುಹಿಡಿದವರು ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುತ್ತಿದ್ದ ಜುಲೇಖಾ; ನನಗೆ ಅವರು ಖಾಲಾ, ಎಂದರೆ ಚಿಕ್ಕಮ್ಮ. ಕುಪ್ಪಸವನ್ನು ಎಡಗಡೆ ಮಾತ್ರ ಸಡಿಲಿಸಿಕೊಡಿರೆಂದು ಅವ್ವ ಕೇಳಿದಾಗ, ಖಾಲಾ ಬಾಗಿಲು ಮುಂದೆ ಮಾಡಿ ಮುಟ್ಟಿ ನೋಡಿದರು.

"ಮಾರ್ಥವ್ವ, ಇದು ಸೂಜಿ-ದಾರದ ಕೆಲ್ಸ ಅಲ್ಲ. ನಾಳೆ ಹೊಸಪೇಟಿ ದವಾಖಾನಿಗೆ ನಡಿ, ನಾ ಬರ್ತೀನಿ."

"ಹೆಂಗ ಬರ್ಲಿರಿ ಆಪಾ? ಅಷ್ಟು ಮಂದಿ ಮುಂದ ನಿಂತು ಹೇಳೀನಿ. ಈಗ ಹೋದ್ರ ದೇವ್ರನ್ನ ಸುಳ್ಳ ಮಾಡಿದಂಗ ಆಗ್ತೈತಿ."

"ಸುಳ್ಳಾದ್ರ ನೀ ಆಗ್ತಿ, ಅವ್ನ್ಯಾಕ ಆಗ್ತಾನ? ಅಷ್ಟು ಸಣ್ಣಾವೇನು ಅವ? ನಿಮ್ಮ ಹಿರ್‍ಯಾರು ಹಲ್ಲು ನೋವು ಬಂದಾಗ ಗಲ್ಲ ಹಿಡ್ಕೊಂಡು ಹೊಳಿ ದಾಟಿ ದವಾಖಾನಿಗೆ ಓಡಿದ್ರಲ್ಲ, ಆವತ್ತು ಎಣ್ಣಿ ತೀರಿತ್ತೇನು?"

ಅವ್ವನಿಗೆ ನಗು ತಡೆಯಲಾಗಲಿಲ್ಲ. ನಕ್ಕು, ನೋವಿಗೆ ಎದೆ ಹಿಡಿದುಕೊಂಡಳು. ಹೋಗಲಿಲ್ಲ ಮಾತ್ರ. ಮಳೆಗಾಲ ಕಳೆದು ಚಳಿ ಬಂದ ಮೇಲೆ, ಒಂದು ಬೆಳಿಗ್ಗೆ ಖಾಲಾ ಅಪ್ಪನನ್ನು ಅಂಗಳದಲ್ಲಿ ನಿಲ್ಲಿಸಿ ಬೈದರು. ಅಪ್ಪ ಅವ್ವನ ಕೈ ಹಿಡಿದು ಬಸ್ಸು ಹತ್ತಿಸಿದ. ಡಾಕ್ಟರು ಕೇಳಿದ್ದು ಒಂದೇ: "ಇಷ್ಟು ದಿನ ಎಲ್ಲಿದ್ರಿ?" ಬೇಗ ಬಂದಿದ್ದರೆ ಉಳಿಯುತ್ತಿದ್ದಳೇ ಎಂಬುದು ನನಗೆ ಗೊತ್ತಿಲ್ಲ. ಅದನ್ನು ತಿಳಿಯುವ ಅವಕಾಶವನ್ನೂ ನಮ್ಮಿಂದ ಕಸಿದುಕೊಳ್ಳಲಾಯಿತು ಎಂಬುದು ಗೊತ್ತಿದೆ.

ಹಾಸಿಗೆ ಹಿಡಿದ ಅವ್ವನಿಗೆ ಸಾವಿನ ಚಿಂತೆಯಿರಲಿಲ್ಲ, ಆಡಿದ ಮಾತಿನದಿತ್ತು. ಕೂಟ ಆಗ ಬೇರೊಬ್ಬರ ಮನೆಗೆ ಸಾಗಿತ್ತು. "ಶುಕ್ರವಾರ ಹೋಗಿ ನೀ ಹೇಳ್ಬೇಕು, ಮಗಳ. ಅವ್ವ ತಪ್ಪು ಹೇಳಿದ್ಲು, ಗಂಟು ಹೋಗಿರ್ಲಿಲ್ಲ, ಕ್ಷಮಾ ಮಾಡ್ರಿ ಅಂತ. ನನ್ನ ಮಾತು ನಂಬಿ ಮತ್ತೊಬ್ಬಾಕಿ ದವಾಖಾನಿಗೆ ಹೋಗ್ದ ಮನ್ಯಾಗ ಕುಂತಾಳು." ಹೋದೆ. ಎದ್ದು ನಿಂತು "ನಮ್ಮವ್ವ ಹೇಳಿ ಕಳಿಸ್ಯಾಳ" ಎನ್ನುವಷ್ಟರಲ್ಲಿ ಹಿರಿಯರು ನನ್ನ ತಲೆಯ ಮೇಲೆ ಕೈಯಿಟ್ಟು ಒತ್ತಿದರು. "ಕೂಡವ್ವ, ಕೂಸ. ದುಃಖದಾಗ ಅದೀ." ಕೂಡಲೇ ಹಾಡು ಎತ್ತಿದರು. ಮನೆಗೆ ಬಂದೆ. "ಹೇಳಿದೇನು?" ಎಂದಳು ಅವ್ವ. "ಹೂಂ, ಎಲ್ಲಾರೂ ಕೇಳಿದ್ರು," ಎಂದೆ. ನಾನು ಅವಳಿಗೆ ಹೇಳಿದ ಒಂದೇ ದೊಡ್ಡ ಸುಳ್ಳು ಅದು. ಅವಳು ಬಹಳ ದಿನಗಳ ಮೇಲೆ ಮುಖದ ಗಂಟು ಬಿಚ್ಚಿ ನಿದ್ದೆ ಹೋದಳು.

ಹನ್ನೊಂದನೆಯ ದಿನಕ್ಕೆ ತೀರಿಕೊಂಡಳು. ಸಮಾಧಿಯ ಬಳಿ, ಅಗೆದ ಕೆಂಪು ಮಣ್ಣಿನ ಪಕ್ಕದಲ್ಲಿ ನಿಂತು ಅದೇ ಹಿರಿಯರು ಹೇಳಿದರು: "ದೇವರು ಈ ಸಹೋದರಿಗೆ ಗುಣ ಕೊಟ್ಟಿದ್ದ. ನಡುವ ನಂಬಿಕಿ ಸಡ್ಲಾತು." ಅಪ್ಪ ಮಣ್ಣು ಹಾಕಲು ಬಾಗಿದವನು ಬಾಗಿಯೇ ಉಳಿದ. ಬೇಲಿಯಾಚೆ ನಿಂತಿದ್ದ ಖಾಲಾ ಮಾತ್ರ "ಥೂ" ಎಂದರು. ಆ ದಿನ ನನ್ನ ತಾಯಿಗೆ ಸಂದ ಒಂದೇ ಗೌರವದ ಮಾತು ಅದು.

ಅಪ್ಪ ಇಂದಿಲ್ಲ, ಖಾಲಾ ಇಲ್ಲ. ಕಾಲೊನಿಯ ಆ ಮನೆಯ ಗೋಡೆಗಳ ನಡುವೆ ಈಗ ಜಾಲಿ ಬೆಳೆದಿದೆ. ನಾನು ಇಂದಿಗೂ ಪ್ರಾರ್ಥಿಸುತ್ತೇನೆ. ರೋಗಿಗಳ ಹಾಸಿಗೆಯ ಬಳಿ ಮೊಣಕಾಲೂರುತ್ತೇನೆ, ಮಾತ್ರೆ ನುಂಗಿದಿರಾ ಎಂದು ಕೇಳಿಯೇ ಕಣ್ಣು ಮುಚ್ಚುತ್ತೇನೆ. ಓದುಗರೇ, ನಿಮ್ಮ ಮನೆಗಳಲ್ಲೂ ಹೀಗೆ ಬಾಯಿ ಕಟ್ಟಿಸಿಕೊಂಡು ಹೋದವರು ಇರಬಹುದು. ನನ್ನ ತಲೆಯ ಮೇಲೆ ಕೈಯಿಟ್ಟು ಕೂರಿಸುವವರು ಇಲ್ಲಿ ಯಾರೂ ಇಲ್ಲವಾದ್ದರಿಂದ ಹೇಳಿ ಮುಗಿಸುತ್ತೇನೆ. ನನ್ನ ತಾಯಿಗೆ ಗುಣವಾಗಿರಲಿಲ್ಲ. ಆಯಿತೆಂದು ಹೇಳಿದ್ದಕ್ಕಾಗಿ ಆಕೆ ಎಲ್ಲರ ಕ್ಷಮೆ ಕೇಳಿದ್ದಾಳೆ. ಆಕೆಯನ್ನು ಎಬ್ಬಿಸಿ ನಿಲ್ಲಿಸಿದವರು ಇನ್ನೂ ಕೇಳಿಲ್ಲ.