ಮೊಲಕ್ಕೆ ಹಾಕಿದ ಪುಡಿ

ಮದುವೆಯಾಗಿ ಗಜೇಂದ್ರಗಡಕ್ಕೆ ಬಂದಾಗ ನನಗೆ ಹದಿನೇಳು ವರ್ಷ. ಐವತ್ತರ ದಶಕದ ನಡುವಿನ ಮಾತು. ಯಜಮಾನರು ರೋಣದ ಕಚೇರಿಯಲ್ಲಿ ಕಾರಕೂನರು, ವಾರಕ್ಕೊಮ್ಮೆ ಬರುತ್ತಿದ್ದರು. ಉಳಿದ ದಿನ ಮನೆಯಲ್ಲಿ ನಾನು ಮತ್ತು ಅತ್ತೆ, ಇಬ್ಬರೇ. ಅತ್ತೆಯದು ಮಾತು ಕಡಿಮೆ. ಅವರು ಸುಮ್ಮನಿದ್ದಷ್ಟೂ ನನಗೆ ಹೆದರಿಕೆ ಹೆಚ್ಚುತ್ತಿತ್ತು.

ಮನೆ ಗುಡ್ಡದ ಬುಡದಲ್ಲಿತ್ತು. ಹಿತ್ತಲಲ್ಲಿ ಪೂಜೆಗೆಂದು ಬೆಳೆಸಿದ ಕರಿಕೆಯ ಹಾಸು, ಪಕ್ಕದಲ್ಲಿ ಮೆಂತ್ಯೆ, ಮೂಲಂಗಿಯ ಮಡಿಗಳು. ಚಳಿ ಹತ್ತಿದ ಮೇಲೆ ಗುಡ್ಡದ ಮೊಲಗಳು ಇಳಿದು ಬರತೊಡಗಿದವು. ಬೆಳಿಗ್ಗೆ ನೋಡಿದರೆ ಕರಿಕೆ ಬೋಳು, ಮೆಂತ್ಯೆಯ ಕುಡಿ ಮಾಯ, ಮಡಿಯ ತುಂಬ ಹಿಕ್ಕೆ. ಬೇಲಿಗೆ ಜಾಲಿಮುಳ್ಳು ಒತ್ತಿದೆ. ಕೆಳಗಿನ ಸಂದಿಯಲ್ಲಿ ನುಸುಳಿದವು. ಹಳೆಯ ಸೀರೆ ಕಟ್ಟಿದೆ. ಎರಡು ದಿನ ಹೆದರಿ, ಮೂರನೆಯ ದಿನ ಅದರ ಕೆಳಗೇ ಮೇಯ್ದವು.

"ಒಂದು ಹಿತ್ತಲಾ ಕಾಯಾಕ ಆಗೂದಿಲ್ಲೇನ ನಿನಗ?" ಎಂದರು ಅತ್ತೆ.

ಗೋಡೆಯ ಮಾಡದಲ್ಲಿ ಒಂದು ಡಬ್ಬಿ ಇತ್ತು. ಹತ್ತಿಯ ಹುಳಕ್ಕೆ ಹೊಡೆಯುವ ಪುಡಿ. ಅದು ವಿಷ, ಮುಟ್ಟಬೇಡ ಎಂದು ಯಜಮಾನರು ಹೇಳಿದ್ದರು. ಒಂದು ಸಂಜೆ ಅತ್ತೆ ಗುಡಿಗೆ ಹೋದಾಗ ಅದನ್ನು ಅರಿವೆಯಲ್ಲಿ ಕಟ್ಟಿ ಮೆಂತ್ಯೆಯ ಮೇಲೆಲ್ಲ ಜಾಡಿಸಿದೆ. ಅವರು ಬಂದಮೇಲೆ ಹೇಳಬೇಕೆಂದಿದ್ದೆ. ಕೇಳದೆ ಮಾಡಿದ್ದಕ್ಕೆ ಬೈದಾರೆಂದು, ನಾಳೆ ಹೇಳಿದರಾಯಿತು ಎಂದುಕೊಂಡೆ.

ಮರುದಿನ ಬಟ್ಟೆ ಒಗೆದುಕೊಂಡು ಬರುವಷ್ಟರಲ್ಲಿ ಅತ್ತೆ ಊಟಕ್ಕೆ ಕೂತಿದ್ದರು. ಗಂಗಾಳದಲ್ಲಿ ಅರ್ಧ ರೊಟ್ಟಿ, ಶೇಂಗಾ ಚಟ್ನಿ, ಎಲೆ ತಿಂದು ಬಿಟ್ಟ ಹಸಿ ಮೆಂತ್ಯೆಯ ಬರೀ ದಂಟು.

"ಈ ಮೆಂತ್ಯಾ ಎಲ್ಲಿಂದ್ರಿ?" ಎಂದೆ.

"ನಮ್ಮ ಹಿತ್ತಲದಾಗಿಂದ. ಮೊಲಾ ಬಿಟ್ಟದ್ದನ್ನ ನಾವರ ತಿನ್ನೂಣು."

"ತೊಳದೀರೇನ್ರಿ?"

"ಝಾಡಿಸಿದೆ. ಒಂಚೂರು ಧೂಳಿತ್ತು."

ಕೈಯಲ್ಲಿದ್ದ ಹಸಿ ಬಟ್ಟೆಗಳು ನೆಲಕ್ಕೆ ಬಿದ್ದವು. ಸೊಸೆ ಅತ್ತೆಗೆ ವಿಷ ಹಾಕಿದಳು ಎಂದು ಊರೆಲ್ಲ ಅನ್ನುತ್ತದೆ. ಪೊಲೀಸರು ಬರುತ್ತಾರೆ. ತವರು ಕೊಣ್ಣೂರಿನಲ್ಲಿ ನನ್ನ ಅಪ್ಪ ತಲೆ ಎತ್ತಿ ತಿರುಗುವಂತಿಲ್ಲ. ಹೇಳದೆ ಸುಮ್ಮನಿದ್ದುಬಿಡಲೇ ಎಂದೂ ಒಂದು ಕ್ಷಣ ಅನ್ನಿಸಿತು. ಆ ಕ್ಷಣಕ್ಕೆ ನನಗೆ ಇಂದಿಗೂ ನಾಚಿಕೆ. ಆಮೇಲೆ ಅವರ ಕಾಲು ಹಿಡಿದು ಎಲ್ಲ ಹೇಳಿದೆ.

ಅತ್ತೆಯ ಮುಖ ಬಿಳಿಚಿತು. "ಅಳಬ್ಯಾಡ. ಉಪ್ಪಿನ ನೀರ ತಾ, ಲಗೂ," ಎಂದರು.

ತಂಬಿಗೆಗಟ್ಟಲೆ ಕುಡಿದು ವಾಂತಿ ಮಾಡಿಕೊಂಡರು. ನಾನು ಬೀದಿಗೆ ಓಡಿ ಪಕ್ಕದ ಮನೆಯವರನ್ನು ಕೂಗಿದೆ. ಅವರು ಗಾಡಿ ಹೂಡಿದರು. ದಾರಿಯುದ್ದಕ್ಕೂ ಅತ್ತೆ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದರು. ಅವರು ಕಣ್ಣು ಮುಚ್ಚಿದಾಗಲೆಲ್ಲ "ಅತ್ತಿಯವರ, ಅತ್ತಿಯವರ" ಎಂದು ಕರೆಯುತ್ತಿದ್ದೆ.

ದವಾಖಾನೆಯಲ್ಲಿ ಡಾಕ್ಟರು ನಾಡಿ ನೋಡುತ್ತ ಕೇಳಿದರು: "ಪುಡಿ ಹಾಕಿದವರು ಯಾರು?"

ಬಾಗಿಲಲ್ಲಿ ನಾಲ್ಕಾರು ಜನ ನಿಂತಿದ್ದರು. ನಾನು ಬಾಯಿ ತೆರೆಯುವುದರೊಳಗೆ ಅತ್ತೆ, "ನಾನರಿ," ಎಂದರು. "ಮೊಲದ ಕಾಟಕ್ಕ ನಾನ ಹಾಕಿದ್ದೆ. ಮರತ ತಿಂದೆ."

ಡಾಕ್ಟರು ಒಮ್ಮೆ ನನ್ನ ಕಡೆ ನೋಡಿದರು. ಮತ್ತೇನೂ ಕೇಳಲಿಲ್ಲ.

ಸಂಜೆಯ ತನಕ ಇರಿಸಿಕೊಂಡು, ಇನ್ನು ಭಯವಿಲ್ಲವೆಂದು ಕಳಿಸಿದರು. ಮನೆಗೆ ಬಂದಮೇಲೆ ಅತ್ತೆ ಗೋಡೆಗೆ ಒರಗಿ ಕೂತು, "ನಿನ್ನೆ ಸಂಜಿಗೇ ಹೇಳಾಕ ಏನಾಗಿತ್ತ?" ಎಂದರು.

"ನಿಮಗ ಅಂಜಿದ್ನಿರಿ."

"ನಮ್ಮ ಅತ್ತಿಯವರಿಗೆ ನಾನೂ ಹಿಂಗ ಅಂಜತಿದ್ನಿ," ಎಂದರು ಅತ್ತೆ.

ಮೂರು ದಿನ ಬಿಟ್ಟು ಇಬ್ಬರೂ ಸೇರಿ ಮೆಂತ್ಯೆಯನ್ನೆಲ್ಲ ಕಿತ್ತು ಆಳವಾಗಿ ಹೂಳಿದೆವು. ಬೇಲಿಯ ಬುಡಕ್ಕೆ ಮೊಳದಾಳ ತೋಡಿ, ಗುಡ್ಡದ ಕಲ್ಲುಗಳನ್ನು ಒತ್ತೊತ್ತಾಗಿ ಹುಗಿದು, ಮೇಲೆ ಮುಳ್ಳು ಜಡಿದೆವು. ಮೊಲಗಳ ಕಾಟ ಹೆಚ್ಚುಕಡಿಮೆ ನಿಂತಿತು. ಯಜಮಾನರಿಗೆ ಅತ್ತೆ, "ಹೊಟ್ಟಿ ಕೆಟ್ಟಿತ್ತು," ಎಂದಷ್ಟೇ ಹೇಳಿದರು. ನನ್ನ ಹೆದರಿಕೆ ಮಾತ್ರ ಬೇಗ ಹೋಗಲಿಲ್ಲ. ಎಷ್ಟೋ ದಿನ ಅವರು ಸುಮ್ಮನೆ ಕೆಮ್ಮಿದರೂ ಒಲೆಯ ಮೇಲಿನ ರೊಟ್ಟಿ ಬಿಟ್ಟು ಓಡಿಬಂದು ನೋಡುತ್ತಿದ್ದೆ.